200 ಮೀಟರ್ ಸುತ್ತಿನ ಓಟ: ಒಳಾಂಗಣ ಅಥ್ಲೆಟಿಕ್ಸ್ ನಿಯಮಗಳು ಮತ್ತು ನಮ್ಮ ಮೈದಾನಗಳು

ಕುಮಟಾ: ಆಗಸ್ಟ್ ತಿಂಗಳು ಬಂತೆಂದರೆ ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲೂಕುಗಳ ದೈಹಿಕ ಶಿಕ್ಷಕರು ಬೆಳಗಾಗುತ್ತಲೇ ಮುಗಿಲು ನೋಡುತ್ತಾರೆ. ಶಾಲಾ ಕ್ರೀಡಾಕೂಟಗಳು ವಲಯ ಮಟ್ಟದಿಂದ ಆರಂಭವಾಗುವುದು ಈ ಅವಧಿಯಲ್ಲೇ. ಮುಂಗಾರು ಇನ್ನೂ ಕರಾವಳಿಯನ್ನು ಬಿಟ್ಟಿರದ ಅವಧಿಯೂ ಇದೇ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಪಟ್ಟಿಯಲ್ಲಿ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಹೀಗಾಗಿ ಮಕ್ಕಳ ಓಟದ ಅಭ್ಯಾಸಕ್ಕೆ ದೊರೆಯಬೇಕಾದ ದಿನಗಳು ಕೆಸರಿನಲ್ಲಿ ಕಳೆದುಹೋಗುತ್ತವೆ. ಕೂಟದ ಹಿಂದಿನ ಸಂಜೆ ಎಳೆದ ಸುಣ್ಣದ ಗೆರೆ ಬೆಳಗಿನ ಹೊತ್ತಿಗೆ ಉಳಿದಿರುತ್ತದೆಂಬ ಭರವಸೆಯೂ ಇರುವುದಿಲ್ಲ.

ಯುರೋಪು ಮತ್ತು ಅಮೆರಿಕಗಳಲ್ಲಿ ಇದೇ ಬಗೆಯ ತೊಂದರೆಯನ್ನು ತಂದದ್ದು ಹಿಮ. ಚಳಿಗಾಲದಲ್ಲಿ ಹೊರಗೆ ಓಡಲಾಗದ ಕ್ರೀಡಾಪಟುಗಳು ಸೂರಿನಡಿ ಓಡತೊಡಗಿದರು. ಸೂರಿನಡಿ 400 ಮೀಟರ್ ಸುತ್ತು ಹಿಡಿಸುವುದು ದುಬಾರಿಯಾದ ಕಾರಣ ಸುತ್ತನ್ನು ಅರ್ಧಕ್ಕೆ ಇಳಿಸಲಾಯಿತು. ಒಳಾಂಗಣ ಅಥ್ಲೆಟಿಕ್ಸ್ ಎಂಬ ಪ್ರತ್ಯೇಕ ಕ್ರೀಡಾಋತು ರೂಪುಗೊಂಡದ್ದು ಹೀಗೆ. ಅದರ ನಿಯಮಾವಳಿಯನ್ನು ಓದುತ್ತ ಹೋದರೆ ಒಂದು ಸಂಗತಿ ಗಮನ ಸೆಳೆಯುತ್ತದೆ: ಅಲ್ಲಿನ ಬಹುತೇಕ ನಿಯಮಗಳು ಹುಟ್ಟಿರುವುದು ಸೂರಿನಿಂದಲ್ಲ, 200 ಮೀಟರಿನ ಚಿಕ್ಕ ಸುತ್ತಿನಿಂದ. ಬೆಟ್ಟಕ್ಕೂ ಕಡಲಿಗೂ ನಡುವೆ ಇಕ್ಕಟ್ಟಾದ ಜಾಗದಲ್ಲಿರುವ ಕರಾವಳಿಯ ಬಹಳಷ್ಟು ಶಾಲಾ ಮೈದಾನಗಳಲ್ಲಿ ಹಿಡಿಸುವುದೂ ಅದೇ 200 ಮೀಟರಿನ ಸುತ್ತು. ಅಂದರೆ ನಮ್ಮ ಮಕ್ಕಳು ಸೂರಿಲ್ಲದ ಒಳಾಂಗಣ ಓಟವನ್ನು ಓಡುತ್ತಲೇ ಇದ್ದಾರೆ. ಅದರ ನಿಯಮಗಳು ಮಾತ್ರ ಇಲ್ಲಿಗೆ ತಲುಪಿಲ್ಲ.

ಇದನ್ನು ಕೇವಲ ಮಾತಿನ ಚಮತ್ಕಾರವೆಂದು ಭಾವಿಸಬೇಕಿಲ್ಲ. 2023ರ ನವೆಂಬರ್‌ನಿಂದ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯೇ ತನ್ನ ನಿಯಮಾವಳಿಯಲ್ಲಿ ‘ಇಂಡೋರ್’ ಎಂಬ ಪದದ ಬದಲು ‘ಶಾರ್ಟ್ ಟ್ರ್ಯಾಕ್’ ಎಂಬ ಪದವನ್ನು ಬಳಸತೊಡಗಿದೆ. ನಿಯಮಾನುಸಾರ ಅಳೆದು ಸಿದ್ಧಪಡಿಸಿದ 200 ಮೀಟರ್ ಟ್ರ್ಯಾಕ್‌ಗೆ ಸೂರು ಇರಲೇಬೇಕೆಂಬ ಕಟ್ಟುಪಾಡು ಇದರಿಂದ ಸಡಿಲವಾಗಿದೆ. ಚಾಂಪಿಯನ್‌ಷಿಪ್‌ಗಳ ಹೆಸರಿನಲ್ಲಿ ಮಾತ್ರ ‘ಇಂಡೋರ್’ ಉಳಿದುಕೊಂಡಿದೆ.

ಯಾವ ಸ್ಪರ್ಧೆಗಳುಂಟು, ಯಾವುವು ಇಲ್ಲ

ಜಾಗತಿಕ ಮಟ್ಟದ ಮೊದಲ ಒಳಾಂಗಣ ಕೂಟ 1985ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ‘ವಿಶ್ವ ಒಳಾಂಗಣ ಕ್ರೀಡಾಕೂಟ’ ಎಂಬ ಹೆಸರಿನಲ್ಲಿ ನಡೆಯಿತು. 1987ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಕೂಟದಿಂದ ಅದಕ್ಕೆ ಚಾಂಪಿಯನ್‌ಷಿಪ್ ಸ್ಥಾನ ದೊರೆಯಿತು. ಏಷ್ಯಾ ಒಳಾಂಗಣ ಚಾಂಪಿಯನ್‌ಷಿಪ್ ಬಹಳ ತಡವಾಗಿ, 2004ರಲ್ಲಿ ಟೆಹ್ರಾನ್‌ನಲ್ಲಿ ಆರಂಭವಾಯಿತು.

ಚಾಂಪಿಯನ್‌ಷಿಪ್‌ನಲ್ಲಿ ಪುರುಷರಿಗೂ ಮಹಿಳೆಯರಿಗೂ ತಲಾ 13 ಸ್ಪರ್ಧೆಗಳಿರುವುದು ವಾಡಿಕೆ. ನೇರ ಪಥದಲ್ಲಿ 60 ಮೀ. ಓಟ ಹಾಗೂ 60 ಮೀ. ಹರ್ಡಲ್ಸ್, ಸುತ್ತಿನಲ್ಲಿ 400, 800, 1500, 3000 ಮೀ. ಮತ್ತು 4X400 ಮೀ. ರಿಲೆ, ಜೊತೆಗೆ ಎತ್ತರ ಜಿಗಿತ, ಪೋಲ್‌ವಾಲ್ಟ್, ಉದ್ದ ಜಿಗಿತ, ಟ್ರಿಪಲ್ ಜಂಪ್ ಹಾಗೂ ಗುಂಡು ಎಸೆತ. ಬಹುಸ್ಪರ್ಧೆಯಲ್ಲಿ ಮಹಿಳೆಯರಿಗೆ ಒಂದೇ ದಿನದ ಪೆಂಟಾಥ್ಲಾನ್, ಪುರುಷರಿಗೆ ಎರಡು ದಿನಗಳ ಹೆಪ್ಟಾಥ್ಲಾನ್. ಹರ್ಡಲ್ಸ್‌ನಲ್ಲಿ ಹತ್ತರ ಬದಲು ಐದೇ ತಡೆಗಳು. ಪುರುಷರಿಗೆ ಮೊದಲ ತಡೆ 13.72 ಮೀ. ದೂರದಲ್ಲಿ, ನಂತರದವು 9.14 ಮೀ. ಅಂತರದಲ್ಲಿ, ಮಹಿಳೆಯರಿಗೆ ಈ ಅಳತೆಗಳು ಕ್ರಮವಾಗಿ 13 ಮೀ. ಮತ್ತು 8.50 ಮೀ. ತಡೆಯ ಎತ್ತರ ಮತ್ತು ಅಂತರ ಹೊರಾಂಗಣದ 110 ಹಾಗೂ 100 ಮೀ. ಹರ್ಡಲ್ಸ್‌ನವೇ ಆದ್ದರಿಂದ ಅಭ್ಯಾಸವೇನೂ ವ್ಯರ್ಥವಾಗುವುದಿಲ್ಲ.

ಇಲ್ಲದ ಸ್ಪರ್ಧೆಗಳ ಪಟ್ಟಿ ನಮ್ಮವರಿಗೆ ಕೊಂಚ ನಿರಾಸೆ ತರುವಂಥದು. ಜಾವೆಲಿನ್, ಡಿಸ್ಕಸ್, ಹ್ಯಾಮರ್ ಎಸೆತಗಳು ಸೂರಿನಡಿ ನಡೆಯುವುದಿಲ್ಲ, 400 ಮೀ. ಹರ್ಡಲ್ಸ್ ಕೂಡ ಇಲ್ಲ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ, ನಮ್ಮದೇ ಜಿಲ್ಲೆಯ ಶಿರಸಿ ತಾಲೂಕಿನ ಕಾಶಿನಾಥ ನಾಯ್ಕ ಅವರದು ಜಾವೆಲಿನ್. ಅದೇ ವರ್ಷ ಗುವಾಂಗ್‌ಝೌ ಏಷ್ಯಾಡ್‌ನಲ್ಲಿ ಚಿನ್ನ ಗೆದ್ದ, ಭಟ್ಕಳದ ದಕ್ಷಿಣಕ್ಕಿರುವ ಕುಂದಾಪುರ ಸೀಮೆಯ ಅಶ್ವಿನಿ ಅಕ್ಕುಂಜಿ ಅವರದು 400 ಮೀ. ಹರ್ಡಲ್ಸ್. ಈ ಭಾಗದ ಎರಡು ಪ್ರಮುಖ ಪದಕಗಳೂ ಒಳಾಂಗಣದಲ್ಲಿ ಇಲ್ಲದ ಸ್ಪರ್ಧೆಗಳಲ್ಲೇ ಬಂದಿರುವುದು ಕಾಕತಾಳೀಯವಷ್ಟೆ.

ಈ ಪಟ್ಟಿಯಲ್ಲಿ 200 ಮೀ. ಓಟವೂ ಇಲ್ಲದಿರುವುದನ್ನು ಓದುಗರು ಗಮನಿಸಿರಬಹುದು. ಸರಿಯಾಗಿ ಒಂದು ಸುತ್ತಿನ ಈ ಓಟ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್‌ನಲ್ಲಿ ಕೊನೆಯ ಬಾರಿಗೆ ನಡೆದದ್ದು 2004ರ ಬುಡಾಪೆಸ್ಟ್ ಕೂಟದಲ್ಲಿ. ಒಳಗಿನ ಲೇನ್ ಸಿಕ್ಕವರು ಗೆಲ್ಲುವ ಸಾಧ್ಯತೆ ತೀರಾ ಕಡಿಮೆಯೆಂಬ ಕಾರಣಕ್ಕೆ ಅದನ್ನು ಕೈಬಿಡಲಾಯಿತು. ನಮ್ಮ ತಾಲೂಕು ಕೂಟಗಳಲ್ಲಿ ಈ ಓಟ ಅಷ್ಟೇ ಚಿಕ್ಕ ಸುತ್ತಿನಲ್ಲಿ ಇಂದಿಗೂ ನಡೆಯುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು.

ತಿರುವಿನ ಲೆಕ್ಕ

ಒಳಗಿನ ಲೇನ್ ಏಕೆ ಕಷ್ಟ ಎಂಬುದಕ್ಕೆ ಸರಳ ಲೆಕ್ಕವಿದೆ. 400 ಮೀಟರ್ ಟ್ರ್ಯಾಕ್‌ನ ತಿರುವಿನ ತ್ರಿಜ್ಯ 36.50 ಮೀ. ಚಿಕ್ಕ ಟ್ರ್ಯಾಕ್‌ನಲ್ಲಿ ಶಿಫಾರಸು ಮಾಡಲಾದ ತ್ರಿಜ್ಯ 17.20 ಮೀ.; ಅಂದರೆ ಅರ್ಧಕ್ಕಿಂತಲೂ ಕಡಿಮೆ. 400 ಮೀ. ಓಟವನ್ನು 50 ಸೆಕೆಂಡಿನಲ್ಲಿ ಮುಗಿಸುವ ವೇಗದಲ್ಲಿ, ಅಂದರೆ ಸೆಕೆಂಡಿಗೆ 8 ಮೀಟರಿನಂತೆ ಓಡುವವರು ದೊಡ್ಡ ಟ್ರ್ಯಾಕ್‌ನ ತಿರುವಿನಲ್ಲಿ ಸುಮಾರು 10 ಡಿಗ್ರಿ ಒಳಕ್ಕೆ ವಾಲಬೇಕಾದರೆ ಚಿಕ್ಕ ಟ್ರ್ಯಾಕ್‌ನಲ್ಲಿ ಸುಮಾರು 20 ಡಿಗ್ರಿ ವಾಲಬೇಕು. ಸಮತಟ್ಟಾದ ನೆಲದಲ್ಲಿ ಅಷ್ಟು ವಾಲಿದರೆ ಪಾದ ಜಾರುತ್ತದೆ, ಇಲ್ಲವೇ ವೇಗ ಇಳಿಯುತ್ತದೆ. ಆದ್ದರಿಂದಲೇ ಒಳಾಂಗಣ ಟ್ರ್ಯಾಕ್‌ಗಳ ತಿರುವನ್ನು ಹೊರಭಾಗದಲ್ಲಿ ಎತ್ತರಿಸಿ ನಿರ್ಮಿಸುತ್ತಾರೆ. ಈ ಇಳಿಜಾರು 15 ಡಿಗ್ರಿ ಮೀರಬಾರದು. ಕೆಲವು ಕಡೆ ತಿರುವನ್ನು ಹೈಡ್ರಾಲಿಕ್ ಯಂತ್ರದಿಂದ ಎತ್ತಿ ಇಳಿಸುವ ವ್ಯವಸ್ಥೆಯೂ ಇದೆ. ಹಾಗೆ ಎತ್ತರಿಸಿದ ಮೇಲೂ ಒಳ ಲೇನ್‌ನ ಬಾಧೆ ಪೂರ್ತಿ ತಪ್ಪುವುದಿಲ್ಲ.

ಲೇನ್ ಹಂಚಿಕೆಯ ನಿಯಮ ರೂಪುಗೊಂಡಿರುವುದು ಇದನ್ನು ಮನಗಂಡೇ. ಆರು ಲೇನ್‌ಗಳಿರುವ ಟ್ರ್ಯಾಕ್‌ನಲ್ಲಿ, ತಿರುವಿನಲ್ಲಿ ಲೇನ್ ಕಾಯ್ದುಕೊಂಡು ಓಡುವ ಸ್ಪರ್ಧೆಗೆ ಮೂರು ಬಾರಿ ಚೀಟಿ ಎತ್ತಲಾಗುತ್ತದೆ. ಉತ್ತಮ ಸಾಧನೆಯ ಮೊದಲ ಇಬ್ಬರು 5 ಮತ್ತು 6ನೇ ಲೇನ್‌ಗಳಿಗಾಗಿ, ನಂತರದ ಇಬ್ಬರು 3 ಮತ್ತು 4ಕ್ಕಾಗಿ, ಕೊನೆಯ ಇಬ್ಬರು 1 ಮತ್ತು 2ಕ್ಕಾಗಿ ಚೀಟಿ ಎತ್ತುತ್ತಾರೆ. ದೊಡ್ಡ ಟ್ರ್ಯಾಕ್‌ನಲ್ಲಿ ನಡುವಿನ ಲೇನ್‌ಗಳಿಗಿರುವ ಮಾನ ಇಲ್ಲಿ ಹೊರ ಲೇನ್‌ಗಳಿಗೆ ಸಲ್ಲುತ್ತದೆ. ಅಮೆರಿಕದ ಕಾಲೇಜು ಕೂಟಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 400 ಮೀ. ಅಂತಿಮ ಸುತ್ತನ್ನು ಎರಡು ಗುಂಪುಗಳಲ್ಲಿ ಓಡಿಸಿ ಸಮಯದ ಆಧಾರದ ಮೇಲೆ ಸ್ಥಾನ ನಿರ್ಧರಿಸುವ ಪದ್ಧತಿ ಇಟ್ಟುಕೊಂಡಿವೆ.

ಎಲ್ಲಿಯವರೆಗೆ ಲೇನ್ ಕಾಯಬೇಕು ಎಂಬುದೂ ಇಲ್ಲಿ ಭಿನ್ನ. ಎರಡು ಸುತ್ತಿನ 400 ಮೀ. ಓಟದಲ್ಲಿ ಮೊದಲ ಎರಡು ತಿರುವುಗಳು, ಅಂದರೆ ಒಂದು ಸುತ್ತು ಮಾತ್ರ ಲೇನ್‌ನಲ್ಲಿ. ಬಳಿಕ ‘ಬ್ರೇಕ್ ಲೈನ್’ ದಾಟಿದವರು ಒಳಕ್ಕೆ ಸರಿಯಬಹುದು. 4X400 ರಿಲೆಯ ಮೊದಲ ಓಟಗಾರರಿಗೂ ಇದೇ ನಿಯಮ. 800 ಮೀ. ಓಟದಲ್ಲಿ ಮೊದಲ ತಿರುವಿನ ತನಕವಷ್ಟೇ ಲೇನ್. 1500 ಮತ್ತು ಅದಕ್ಕೂ ದೀರ್ಘ ಓಟಗಳು ಬಾಗಿದ ಗೆರೆಯಿಂದ ನೇರವಾಗಿ ಆರಂಭಗೊಳ್ಳುತ್ತವೆ. 400 ಮೀ. ಓಟದಲ್ಲಿ ಬ್ರೇಕ್ ಲೈನ್ ದಾಟಿದ ಕೂಡಲೇ ಆರೂ ಮಂದಿ ಒಳಕ್ಕೆ ನುಗ್ಗುವ ಆ ಕ್ಷಣದಲ್ಲಿ ಮೊಣಕೈಗಳು ತಾಗುತ್ತವೆ, ಕಾಲಿಗೆ ಕಾಲು ಸಿಕ್ಕುತ್ತದೆ. ಆ ಹೊತ್ತಿಗೆ ಮುಂದಿರುವವರನ್ನು ಉಳಿದ ಒಂದು ಸುತ್ತಿನಲ್ಲಿ ಹಿಂದಿಕ್ಕುವುದು ಕಷ್ಟ. ಹಿಂದಿಕ್ಕಬೇಕೆಂದರೆ ತಿರುವಿನ ಹೊರಗೆ ಹೆಚ್ಚು ದೂರ ಓಡಬೇಕು. ಒಳಾಂಗಣದ 400 ಮೀ. ಓಟವನ್ನು ಮೊದಲ ಸುತ್ತಿನ ಓಟವೆಂದು ಅನುಭವಿಗಳು ಹೇಳುವುದು ಇದೇ ಕಾರಣಕ್ಕೆ.

ಗೆರೆ ತುಳಿದವರ ಪಾಡು

ಇಕ್ಕಟ್ಟಾದ ತಿರುವು ಎಂದ ಮೇಲೆ ಗೆರೆ ತುಳಿಯುವುದೂ ಹೆಚ್ಚು. 2018ರ ಮಾರ್ಚ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್‌ನ ಪುರುಷರ 400 ಮೀ. ಹೀಟ್ಸ್ ಒಂದರಲ್ಲಿ ಓಡಿದ ಐವರೂ ಅನರ್ಹಗೊಂಡರು. ಒಬ್ಬರು ತಪ್ಪು ಆರಂಭಕ್ಕಾಗಿ, ಉಳಿದ ನಾಲ್ವರು ಲೇನ್ ಉಲ್ಲಂಘನೆಗಾಗಿ! ಅಷ್ಟು ಸಾಲದೆಂಬಂತೆ ಅಂತಿಮ ಓಟದಲ್ಲಿ ಮೊದಲೆರಡು ಸ್ಥಾನ ಪಡೆದಿದ್ದ ಸ್ಪೇನ್‌ನ ಓಸ್ಕರ್ ಹುಸಿಲ್ಲೋಸ್ ಮತ್ತು ಡೊಮಿನಿಕನ್ ಗಣರಾಜ್ಯದ ಲುಗೆಲಿನ್ ಸಾಂಟೋಸ್ ಇಬ್ಬರೂ ಅನರ್ಹರಾಗಿ, ಝೆಕ್ ಗಣರಾಜ್ಯದ ಪಾವೆಲ್ ಮಾಸ್ಲಾಕ್ ಅವರಿಗೆ ಚಿನ್ನ ಒಲಿಯಿತು. ನಂತರದ ವರ್ಷಗಳಲ್ಲಿ ನಿಯಮವನ್ನು ತುಸು ಸಡಿಲಿಸಲಾಗಿದ್ದು, ತಿರುವಿನಲ್ಲಿ ಎಡಗಡೆಯ ಗೆರೆಯನ್ನು ಒಂದು ಬಾರಿ ತುಳಿದರೆ ಮಾಫಿ ಉಂಟು. ಎರಡನೆಯ ಬಾರಿಗೆ ಇಲ್ಲ.

ಭಾರತಕ್ಕೂ ಈ ಪೆಟ್ಟು ಬಿದ್ದಿದೆ. 2024ರ ಫೆಬ್ರುವರಿಯಲ್ಲಿ ಟೆಹ್ರಾನ್‌ನ ಏಷ್ಯಾ ಒಳಾಂಗಣ ಚಾಂಪಿಯನ್‌ಷಿಪ್‌ನ 3000 ಮೀ. ಓಟದಲ್ಲಿ ಮೊದಲಿಗರಾಗಿ ಗುರಿ ಮುಟ್ಟಿದ ಗುಲ್ವೀರ್ ಸಿಂಗ್ ಅವರನ್ನು ಪಥ ಉಲ್ಲಂಘನೆಯ ಕಾರಣಕ್ಕೆ ಅನರ್ಹಗೊಳಿಸಲಾಯಿತು. ಅದೇ ಕೂಟದಲ್ಲಿ ಜ್ಯೋತಿ ಯರ್ರಾಜಿ 60 ಮೀ. ಹರ್ಡಲ್ಸ್‌ನಲ್ಲಿ 8.12 ಸೆಕೆಂಡ್‌ಗಳೊಂದಿಗೆ, ತಜಿಂದರ್‌ಪಾಲ್ ಸಿಂಗ್ ತೂರ್ ಗುಂಡು ಎಸೆತದಲ್ಲಿ ಹಾಗೂ ಹರ್ಮಿಲನ್ ಬೈನ್ಸ್ 1500 ಮೀ. ಓಟದಲ್ಲಿ ಚಿನ್ನ ಗೆದ್ದರು. ಗುಲ್ವೀರ್ ಸೋತು ಕೂರಲಿಲ್ಲ ಎಂಬುದನ್ನೂ ಹೇಳಬೇಕು. 2025ರ ಫೆಬ್ರುವರಿಯಲ್ಲಿ ಅಮೆರಿಕದ ಬೋಸ್ಟನ್ ವಿಶ್ವವಿದ್ಯಾಲಯದ ಒಳಾಂಗಣ ಟ್ರ್ಯಾಕ್‌ನಲ್ಲಿ 25 ಸುತ್ತುಗಳ 5000 ಮೀಟರನ್ನು 12 ನಿಮಿಷ 59.77 ಸೆಕೆಂಡುಗಳಲ್ಲಿ ಓಡಿ, 13 ನಿಮಿಷದ ಒಳಗೆ ಈ ದೂರ ಕ್ರಮಿಸಿದ ಮೊದಲ ಭಾರತೀಯರೆನಿಸಿದರು.

ಅರ್ಹತೆಯ ಮೆಟ್ಟಿಲುಗಳು

ವಿಶ್ವ ಕೂಟಕ್ಕೆ ಪ್ರವೇಶ ಪಡೆಯಲು ಎರಡು ದಾರಿಗಳಿವೆ. ನಿಗದಿತ ಅವಧಿಯಲ್ಲಿ ನಿಗದಿತ ಮಾನದಂಡವನ್ನು ಮುಟ್ಟುವುದು ಒಂದು. ಉಳಿದ ಸ್ಥಾನಗಳಿಗೆ ವಿಶ್ವ ರ್‍ಯಾಂಕಿಂಗ್ ಮೂಲಕ ಆಯ್ಕೆಯಾಗುವುದು ಇನ್ನೊಂದು. 60 ಮೀ. ಓಟಕ್ಕೆ ಹೊರಾಂಗಣದ 100 ಮೀ. ಸಮಯವನ್ನೂ ಪ್ರತ್ಯೇಕ ಮಾನದಂಡದೊಂದಿಗೆ ಪರಿಗಣಿಸಿದ್ದುಂಟು. ಪ್ರತಿ ಸ್ಪರ್ಧೆಗೆ ಒಂದು ದೇಶದಿಂದ ಸಾಮಾನ್ಯವಾಗಿ ಇಬ್ಬರಿಗಷ್ಟೇ ಅವಕಾಶ. ದೇಶದಲ್ಲಿ ಒಳಾಂಗಣ ಟ್ರ್ಯಾಕ್ ಇಲ್ಲದ ದಶಕಗಳಲ್ಲಿ ನಮ್ಮವರು ಹೊರಾಂಗಣದ ಸಾಧನೆಯನ್ನೇ ನೆಚ್ಚಿಕೊಂಡು ಹೋಗಬೇಕಾಗಿತ್ತು. ಎತ್ತರಿಸಿದ ತಿರುವಿನ ಮೇಲೆ ಮೊದಲ ಬಾರಿ ಕಾಲಿಡುವುದು ವಿದೇಶದ ಕೂಟದಲ್ಲೇ ಎಂಬಂತಿತ್ತು.

ಕೂಟದೊಳಗಿನ ಅರ್ಹತೆಯ ಲೆಕ್ಕವೂ ಲೇನ್‌ಗಳ ಸಂಖ್ಯೆಯನ್ನು ಅವಲಂಬಿಸಿದೆ. ಉದಾಹರಣೆಗೆ, 24 ಮಂದಿ 400 ಮೀ. ಓಟಕ್ಕೆ ಬಂದಿದ್ದಾರೆ ಎನ್ನೋಣ. ಆರು ಲೇನ್‌ಗಳಾದರೆ ನಾಲ್ಕು ಹೀಟ್ಸ್. ಪ್ರತಿ ಹೀಟ್ಸ್‌ನ ಮೊದಲ ಇಬ್ಬರು ಸ್ಥಾನದ ಬಲದಿಂದ, ಉಳಿದವರಲ್ಲಿ ಅತಿ ವೇಗದ ನಾಲ್ವರು ಸಮಯದ ಬಲದಿಂದ ಮುಂದೆ ಹೋದರೆ 12 ಮಂದಿಯ ಎರಡು ಸೆಮಿಫೈನಲ್. ಅಲ್ಲಿಂದ ಇದೇ ರೀತಿ ಆರು ಮಂದಿ ಅಂತಿಮಕ್ಕೆ. ಫಲಿತಾಂಶ ಪಟ್ಟಿಯಲ್ಲಿ ಹೆಸರಿನ ಮುಂದೆ ಕಾಣುವ ದೊಡ್ಡ ಕ್ಯೂ ಅಕ್ಷರ ಸ್ಥಾನದಿಂದ ಬಂದವರ ಗುರುತು, ಸಣ್ಣ ಕ್ಯೂ ಸಮಯದಿಂದ ಬಂದವರ ಗುರುತು. ಬಲಿಷ್ಠರೇ ತುಂಬಿದ ಹೀಟ್ಸ್‌ನಲ್ಲಿ ಸಿಕ್ಕಿ ಮೂರನೆಯವರಾದವರಿಗೂ ಬಾಗಿಲು ತೆರೆದಿರಲಿ ಎಂಬುದು ಇದರ ಉದ್ದೇಶ.

ನಮ್ಮ ಶಾಲಾ ಕೂಟದ ಮೆಟ್ಟಿಲುಗಳಲ್ಲಿ ಈ ಎರಡನೆಯ ಬಾಗಿಲು ಇಲ್ಲವೆಂದೇ ಹೇಳಬೇಕು. ಭಟ್ಕಳದ ಹುಡುಗಿಯೊಬ್ಬಳು ರಾಜ್ಯ ಮಟ್ಟ ತಲುಪಬೇಕಾದರೆ ವಲಯ, ತಾಲೂಕು, ಕಾರವಾರ ಶೈಕ್ಷಣಿಕ ಜಿಲ್ಲೆ, ಬಳಿಕ ಬೆಳಗಾವಿ ವಿಭಾಗ ಇಷ್ಟನ್ನೂ ದಾಟಬೇಕು. ಪ್ರತಿ ಹಂತದಲ್ಲೂ ಮುಂದೆ ಹೋಗುವುದು ಸ್ಥಾನದಿಂದಲೇ. ತಾಲೂಕಿನ ಚಿಕ್ಕ ಸುತ್ತಿನಲ್ಲಿ ಅವಳಿಗೆ ಒಂದನೇ ಲೇನ್ ಸಿಕ್ಕಿ, ಹೊರ ಲೇನ್‌ನವಳು ಒಂದಡಿ ಮುಂದಾದರೆ ಅವಳ ವರ್ಷ ಅಲ್ಲಿಗೆ ಮುಗಿಯಿತು. ಅವಳ ಸಮಯ ಪಕ್ಕದ ತಾಲೂಕಿನ ವಿಜೇತೆಗಿಂತ ಚೆನ್ನಾಗಿದ್ದರೂ ಅದು ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಹಿಡಿಯೋಣವೆಂದರೂ ತೊಡಕಿದೆ: ಕೈಯಲ್ಲಿ ಹಿಡಿದ ಸ್ಟಾಪ್‌ವಾಚ್ ಹೊಗೆ ಕಂಡ ಮೇಲೆ ಒತ್ತುವಂಥದ್ದಾದ್ದರಿಂದ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ಸಮಯ ತೋರಿಸುತ್ತದೆ. ಕಡಿಮೆ ದೂರದ ಓಟಗಳಲ್ಲಿ ಅದಕ್ಕೆ 0.24 ಸೆಕೆಂಡ್ ಸೇರಿಸಿ ಹೋಲಿಸುವ ರೂಢಿ ಇದೆ. ವಿಶ್ವ ಮಟ್ಟದ ಅರ್ಹತೆಗಂತೂ ವೇಗದ ಓಟಗಳಲ್ಲಿ ಫೋಟೊ ಫಿನಿಷ್ ಕ್ಯಾಮೆರಾದ ಸಮಯವೇ ಬೇಕು.

ಸ್ಥಳದ ಆಯ್ಕೆ

ವಿಶ್ವ ಕೂಟದ ಆತಿಥ್ಯಕ್ಕೆ ಶಾಶ್ವತ ಒಳಾಂಗಣ ಟ್ರ್ಯಾಕ್ ಇರಲೇಬೇಕೆಂದೇನೂ ಇಲ್ಲ. 2016ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರ ತನ್ನ ಸಮಾವೇಶ ಭವನದೊಳಗೆ ತಾತ್ಕಾಲಿಕ ಟ್ರ್ಯಾಕ್ ಜೋಡಿಸಿ ಕೂಟ ನಡೆಸಿತು. ಚೀನಾದ ನಾನ್‌ಜಿಂಗ್‌ಗೆ 2020ರಲ್ಲಿ ದೊರೆತಿದ್ದ ಕೂಟ ಕೋವಿಡ್ ಕಾರಣ ಪದೇ ಪದೇ ಮುಂದೂಡಲ್ಪಟ್ಟು ಕೊನೆಗೆ 2025ರ ಮಾರ್ಚ್‌ನಲ್ಲಿ ನಡೆಯಿತು. ನಮಗೆ ಹೆಚ್ಚು ಹತ್ತಿರದ ಉದಾಹರಣೆಯೆಂದರೆ 2010ರ ಆತಿಥೇಯ ನಗರ ದೋಹಾ. ಅಲ್ಲಿ ಹಿಮದ ಮಾತೇ ಇಲ್ಲ. ಸೂರು ಬೇಕಾದದ್ದು ಬಿಸಿಲಿಗೆ. ಬಿಸಿಲಿಗೆ ಸೂರು ಕಟ್ಟಬಹುದಾದರೆ ಮಳೆಗೂ ಕಟ್ಟಬಹುದೆಂಬ ಯೋಚನೆ ಕರಾವಳಿಯಲ್ಲಿ ಯಾರಿಗೂ ಬಾರದಿರುವುದೇ ಸೋಜಿಗ.

ಭಾರತದಲ್ಲಿ ಈ ದಿಸೆಯಲ್ಲಿ ಮೊದಲ ಹೆಜ್ಜೆ ಇಟ್ಟದ್ದು ಒಡಿಶಾ. ಭುವನೇಶ್ವರದ ಕಳಿಂಗ ಕ್ರೀಡಾಂಗಣದ ಆವರಣದಲ್ಲಿ ಅಲ್ಲಿನ ಸರ್ಕಾರ 200 ಮೀಟರ್ ಒಳಾಂಗಣ ಟ್ರ್ಯಾಕ್ ನಿರ್ಮಿಸಿದೆ. ಅದೂ ಮಳೆಯ, ಚಂಡಮಾರುತದ ಕರಾವಳಿ ರಾಜ್ಯವೇ ಎಂಬುದು ಗಮನಾರ್ಹ. ಬೆಂಗಳೂರಿನ ಕಂಠೀರವದಲ್ಲಿ ಹೊರಾಂಗಣ ಟ್ರ್ಯಾಕ್‌ನ ಪಕ್ಕದಲ್ಲೇ ಒಳಾಂಗಣ ಕ್ರೀಡಾಂಗಣವಿದ್ದರೂ ಅದು ಕಬಡ್ಡಿ, ಬ್ಯಾಸ್ಕೆಟ್‌ಬಾಲ್‌ನಂಥ ಅಂಕಣದ ಆಟಗಳಿಗೆ, ಓಟಕ್ಕಲ್ಲ. ನಮ್ಮ ತಾಲೂಕು ಕೇಂದ್ರಗಳಲ್ಲಿ ‘ಒಳಾಂಗಣ ಕ್ರೀಡಾಂಗಣ’ ಎಂಬ ಬೇಡಿಕೆ ಎದ್ದಾಗಲೆಲ್ಲ ಜನರ ಮನಸ್ಸಿನಲ್ಲಿರುವುದು ಷಟಲ್ ಬ್ಯಾಡ್ಮಿಂಟನ್ ಅಂಕಣ, ಅಂದರೆ 13.40 ಮೀ. ಉದ್ದದ ಆಟ.

ಓಟಕ್ಕೆ ಬೇಕಾದ ಅಳತೆಯನ್ನು ಇಲ್ಲಿ ಕೊಡುವುದು ಉಚಿತ. 60 ಮೀ. ಓಟಕ್ಕೆ ಆರಂಭದ ಗೆರೆಯ ಹಿಂದೆ ಕನಿಷ್ಠ 3 ಮೀ., ಗುರಿಯ ಗೆರೆಯ ಆಚೆ ಕನಿಷ್ಠ 10 ಮೀ. ಅಡೆತಡೆಯಿಲ್ಲದ ಜಾಗ ಬೇಕು. ಒಟ್ಟು 73 ಮೀ. ಗುರಿಯ ಆಚೆ 15 ಮೀ. ಸಿಕ್ಕರೆ ಮತ್ತೂ ಒಳ್ಳೆಯದು, ಇಲ್ಲವಾದರೆ ಓಟಗಾರರನ್ನು ಹಿಡಿಯಲು ಗೋಡೆಗೆ ಹಾಸಿಗೆ ಕಟ್ಟಬೇಕಾಗುತ್ತದೆ. ಸದ್ಯ ಮೂರೂ ತಾಲೂಕುಗಳಲ್ಲಿ ಅಷ್ಟು ಉದ್ದದ ಸೂರನ್ನು ಹುಡುಕಹೊರಟರೆ ಕೊಂಕಣ ರೈಲ್ವೆಯ ನಿಲ್ದಾಣದತ್ತ ಕಣ್ಣು ಹಾಯಿಸಬೇಕೇನೋ! ಆದರೆ ಗೋಡೆಗಳಿಲ್ಲದೆ, ಕಂಬಗಳ ಮೇಲೆ ತಗಡು ಹೊದಿಸಿದ, ನಾಲ್ಕು ಲೇನ್ ಅಗಲದ ಉದ್ದನೆಯ ಒಂದು ಮಾಡು ಭಾರೀ ಕ್ರೀಡಾಂಗಣದ ಖರ್ಚನ್ನು ಬೇಡುವುದಿಲ್ಲ. ಮಳೆಗಾಲದುದ್ದಕ್ಕೂ ವೇಗದ ಓಟ, ಹರ್ಡಲ್ಸ್, ಒಂದು ತುದಿಯಲ್ಲಿ ಮರಳು ತುಂಬಿದ ಗುಂಡಿ ಇದ್ದರೆ ಉದ್ದ ಜಿಗಿತ, ಇಷ್ಟಕ್ಕೂ ಅದು ಸಾಲುತ್ತದೆ. 60 ಮೀ. ಓಟ ನಮ್ಮ ಮಕ್ಕಳಿಗೆ ಅಪರಿಚಿತವೂ ಅಲ್ಲ. ರಾಷ್ಟ್ರೀಯ ಅಂತರ ಜಿಲ್ಲಾ ಕಿರಿಯರ ಕೂಟದ 14 ವರ್ಷದೊಳಗಿನವರ ಟ್ರಯಾಥ್ಲಾನ್‌ನಲ್ಲಿ ಅದು ಸೇರಿದೆ. ಗೋಡೆಯಿಲ್ಲದ ಕಡೆ ಕಡಲಗಾಳಿಯ ಪ್ರಶ್ನೆ ಏಳುತ್ತದೆ. ಸಾಧನೆಯನ್ನು ದಾಖಲೆಗೆ ಸೇರಿಸಬೇಕಾದರೆ ಗಾಳಿಯ ವೇಗ ಅಳೆಯಬೇಕು. ಬೆನ್ನಹಿಂದಿನ ಗಾಳಿ ಸೆಕೆಂಡಿಗೆ 2 ಮೀ. ಮೀರಿದರೆ ದಾಖಲೆ ಇಲ್ಲ. ಅಭ್ಯಾಸಕ್ಕೆ ಅದರ ಹಂಗಿಲ್ಲ.

ಸುತ್ತಿನ ಮಾತಿಗೆ ಬಂದರೆ, ಎಂಟು ಲೇನ್‌ಗಳ 400 ಮೀ. ಟ್ರ್ಯಾಕ್‌ಗೆ ಸುಮಾರು 177 ಮೀ. ಉದ್ದ, 93 ಮೀ. ಅಗಲದ ನೆಲ ಬೇಕು. ಹೆದ್ದಾರಿ ಅಗಲೀಕರಣದ ಬಳಿಕ ಮತ್ತಷ್ಟು ಕಿರಿದಾಗಿರುವ ಈ ಪಟ್ಟಿಯಲ್ಲಿ ಅಷ್ಟು ಸಮತಟ್ಟಾದ ಜಾಗ ಸುಲಭವಾಗಿ ಸಿಗದು. ನಾಲ್ಕು ಲೇನ್‌ಗಳ 200 ಮೀ. ಸುತ್ತಿಗಾದರೆ ಸುಮಾರು 88 ಮೀ. ಉದ್ದ, 43 ಮೀ. ಅಗಲ ಸಾಕು. ಸುಣ್ಣದ ಗೆರೆ ಎಳೆಯುವವರಿಗೆ ಲೆಕ್ಕ ಹೀಗಿದೆ: ತ್ರಿಜ್ಯ 17.20 ಮೀ. ಓಟದ ದೂರವನ್ನು ಗೆರೆಯಿಂದ 20 ಸೆ.ಮೀ. ಹೊರಗೆ ಅಳೆಯಬೇಕಾದ್ದರಿಂದ ಎರಡು ತಿರುವುಗಳು ಸೇರಿ 109.33 ಮೀ.; ಉಳಿದದ್ದನ್ನು ಎರಡು ನೇರ ಭಾಗಗಳಿಗೆ ಹಂಚಿದರೆ ತಲಾ ಸುಮಾರು 45.33 ಮೀ. ಲೇನ್‌ನ ಅಗಲ 1 ಮೀ. ಇಟ್ಟರೆ ಒಂದು ಪೂರ್ಣ ಸುತ್ತಿಗೆ ಪ್ರತಿ ಹೊರ ಲೇನ್‌ನವರನ್ನು 6.28 ಮೀ. ಮುಂದೆ ನಿಲ್ಲಿಸಬೇಕು. 400 ಮೀ. ಓಟವನ್ನು ಎರಡೂ ಸುತ್ತು ಲೇನ್‌ನಲ್ಲೇ ಓಡಿಸುವುದಾದರೆ ಈ ಅಂತರ ಇಮ್ಮಡಿಯಾಗುತ್ತದೆ. ಮುಂದಿರುವವರು ಹಿಂದಿನವರ ಕಣ್ಣಿಗೇ ಬೀಳರು. ಬ್ರೇಕ್ ಲೈನ್ ಇರಿಸಿದರೆ ಆ ತೊಡಕಿಲ್ಲ.

ಮಣಕಿ ಮೈದಾನದಲ್ಲೇ ಆಗಲಿ, ಯಾವುದೇ ಹಳ್ಳಿಯ ಪ್ರೌಢಶಾಲೆಯ ಅಂಗಳದಲ್ಲೇ ಆಗಲಿ, ಲೇನ್ ಚೀಟಿಯನ್ನು ಒಂದೇ ಡಬ್ಬಿಯಿಂದ ಎತ್ತುವ ಬದಲು ವಲಯ ಕೂಟದ ಫಲಿತಾಂಶ ನೋಡಿ ಎರಡು ಡಬ್ಬಿಗಳಿಂದ ಎತ್ತುವುದಕ್ಕೆ ಯಾವ ಅನುದಾನವೂ ಬೇಡ. ನಾಲ್ಕೇ ಲೇನ್‌ಗಳಿದ್ದರೆ ಉತ್ತಮರಿಬ್ಬರಿಗೆ 3 ಮತ್ತು 4, ಉಳಿದವರಿಗೆ 1 ಮತ್ತು 2. ಬ್ರೇಕ್ ಲೈನ್ ಗುರುತಿಗೆ ಎರಡನೇ ತಿರುವಿನ ಕೊನೆಯಲ್ಲಿ 5 ಸೆ.ಮೀ. ಅಗಲದ ಬಾಗಿದ ಗೆರೆ, ಅದು ಲೇನ್ ಗೆರೆಗಳನ್ನು ಸಂಧಿಸುವಲ್ಲಿ 15 ಸೆ.ಮೀ. ಮೀರದ ಎತ್ತರದ ಬಣ್ಣದ ಸಣ್ಣ ಕೋನ್‌ಗಳು. ಸುಣ್ಣ ಮತ್ತು ದಾರ ಹೇಗೂ ಶಾಲೆಯಲ್ಲಿ ಇದ್ದೇ ಇರುತ್ತವೆ.